ಹಾಸ್ಟೆಲ್ ಮತ್ತೆ ಹಾಸ್ಟೆಲ್ ಆಗಲಿ: ನಮ್ಮ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಮಂಡಳಿಯ ಎಲ್ಲ ಹಿರಿಯರಿಗೆ,

ನಮಸ್ಕಾರ.

ಹೋದ ಕಾರ್ತಿಕದಲ್ಲಿ ಚಾಮರಾಜಪೇಟೆಗೆ ಒಂದು ಮದುವೆಗೆ ಬಂದಿದ್ದೆ. ಊಟ ಮುಗಿಸಿ ಸುಮ್ನೆ ನಮ್ಮ ಹಾಸ್ಟೆಲ್ ಕಡೆ ನಡೆದು ಹೋದೆ. ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ತಗಡಿನ ಬೋರ್ಡು: 'ಶಿಥಿಲ ಕಟ್ಟಡ, ಒಳಗೆ ಪ್ರವೇಶವಿಲ್ಲ.' ನಾನು ಇಲ್ಲಿನ ಹಳೇ ಹುಡುಗ ಅಂದಾಗ ವಾಚ್‌ಮನ್ ಹತ್ತು ನಿಮಿಷ ಒಳಗೆ ಬಿಟ್ಟರು. ಕಟ್ಟಡ ಕೆಡವಿ, ಕೆಳಗೆ ಪಾರ್ಕಿಂಗ್, ಮೇಲೆ ಐದು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುವ ಮಾತು ನಡೆದಿದೆ ಎಂದು ಅವರಿಂದಲೇ ಗೊತ್ತಾಯಿತು. ಆಮೇಲೆ ನಿಮಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಈ ಮೂರನೇ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಹಾಸ್ಟೆಲ್‌ನ ಹೆಸರನ್ನು ಬೇಕೆಂದೇ ಹಾಕಿಲ್ಲ. ಓದಿದ ತಕ್ಷಣ ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಜಗಳ ಆಡಬೇಕು ಎನ್ನುವ ಆಸೆ ನನಗಿಲ್ಲ. ಆ ಮನೆಯಲ್ಲಿ ಐದು ವರ್ಷ ಉಂಡು ಮಲಗಿದವನು ನಾನು. ಬೆಂಗಳೂರಿನ ಬೇರೆ ಹಳೇ ಹಾಸ್ಟೆಲ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ ಇರಬಹುದು. ಅವುಗಳ ಮಂಡಳಿಯವರು ಓದಿದರೂ ಒಳ್ಳೆಯದೇ.

ನಾನು ಇಲ್ಲಿಗೆ ಬಂದದ್ದು 1987ರ ಜೂನ್‌ನಲ್ಲಿ. ಸಾತನೂರು ಕಡೆಯ ಹಳ್ಳಿ ನಮ್ಮದು. ಅಪ್ಪ ರೇಷ್ಮೆಗೂಡು ಮಾರಿದ ದುಡ್ಡನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ಜೊತೆಗೆ ಬಂದಿದ್ದರು. ಕಲಾಸಿಪಾಳ್ಯದಲ್ಲಿ ಬಸ್ಸಿಳಿದು, ಟ್ರಂಕನ್ನು ಒಬ್ಬರಾದ ಮೇಲೆ ಒಬ್ಬರು ಹೊತ್ತುಕೊಂಡು ಇಲ್ಲಿಯವರೆಗೆ ನಡೆದೆವು. ಮಹಡಿಯ ಮೇಲಿನ ಉದ್ದನೆಯ ಹಾಲ್‌ಗೆ ಕರೆದುಕೊಂಡು ಹೋದ ವಾರ್ಡನ್, ಗೋಡೆಯಲ್ಲಿದ್ದ ಒಂದು ಗೂಡನ್ನು ತೋರಿಸಿ 'ಇದು ನಿನ್ನದು' ಅಂದರು. ಅದರ ಕೆಳಗೆ ಎಷ್ಟು ಜಾಗ ಇದೆಯೋ ಅಷ್ಟು ನನ್ನ ಮನೆ. ಅಪ್ಪ ಆ ಗೂಡಿನೊಳಗೆ ಕೈ ಹಾಕಿ ಧೂಳು ಒರೆಸಿದರು. ಕೈ ಕಪ್ಪಾಯಿತು. ಧೂಳಲ್ಲ ಅದು, ಮಸಿ.

ಆ ಗೂಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಟ್ಟಡದ ಪೂರ್ತಿ ಚರಿತ್ರೆ ಅದರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಎರಡು ಅಡಿ ದಪ್ಪದ ಗೋಡೆಯಲ್ಲಿ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಗೂಡು. ದೀಪ ಇಡುವುದಕ್ಕೆಂದೇ ಮಾಡಿದ್ದು. ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆದರೆ ಊರಿಗೆ ಕರೆಂಟು ಬಂದ ಮಾತ್ರಕ್ಕೆ ಬಡ ಹುಡುಗರ ಹಾಸ್ಟೆಲ್‌ಗೂ ಬಂತು ಅಂತಲ್ಲ. ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟು ಓದಿದವರ ಮಸಿ ಅದು. ಕರೆಂಟು ಬಂದ ಮೇಲೆ ಗೂಡಿಗೆ ಬೇರೆ ಬೇರೆ ಕೆಲಸ ಬಂತು. ನಮ್ಮ ಕಾಲದಲ್ಲಿ ಅಲ್ಲಿ ಸೋಪಿನ ಡಬ್ಬಿ, ಲೋಟ, ಊರಿಂದ ತಂದ ಚಟ್ನಿಪುಡಿ ಇರುತ್ತಿತ್ತು. ನನ್ನ ಪಕ್ಕದ ಹುಡುಗ ಅಂಬೇಡ್ಕರ್ ಫೋಟೋ ಇಟ್ಟಿದ್ದ. ಆಚೆ ಕಡೆಯವನು ರಾಜ್‌ಕುಮಾರ್ ಫೋಟೋ ಇಟ್ಟಿದ್ದ. ಟ್ಯೂಷನ್ ಸೆಂಟರ್ ಆದ ಕಾಲದಲ್ಲಿ ಯಾರೋ ಕೆಲವು ಗೂಡುಗಳ ಒಳಗೆ ಸ್ವಿಚ್ ಬೋರ್ಡು ಕೂರಿಸಿದರು. 2020ರಲ್ಲಿ ರಾಜ್ಯದ ಎಷ್ಟೋ ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವಲ್ಲ, ಆಗ ನಮ್ಮದೂ ಕೆಲವು ವಾರ ಆಗಿತ್ತಂತೆ. ಅಲ್ಲಿದ್ದವರು ಮೊಬೈಲ್ ಚಾರ್ಜಿಗೆ ಇಡುತ್ತಿದ್ದದ್ದು ಅದೇ ಗೂಡುಗಳಲ್ಲಿ ಎಂದು ವಾಚ್‌ಮನ್ ಹೇಳಿದರು. ಕಾರ್ತಿಕದಲ್ಲಿ ನನ್ನ ಗೂಡಿಗೆ ಬೆರಳು ಹಾಕಿ ನೋಡಿದೆ. ಮೇಲಿನ ಮೂಲೆಯಲ್ಲಿ ಮಸಿ ಇನ್ನೂ ಇದೆ.

ಆ ಮಸಿ ಹಿಡಿಸಿದವರು ಯಾರು? ಚಾಮರಾಜಪೇಟೆ ಬಡಾವಣೆ ಆದದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳನ್ನು ಬಿಟ್ಟು ಜನ ಹೊರಗೆ ಬಂದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲೇ. ಗಾಳಿ ಬೆಳಕು ಇಲ್ಲದ ಮನೆ ಅಂದರೆ ಸಾವು ಎನ್ನುವ ಭಯ ಆಗಿನ ಜನರಲ್ಲಿತ್ತು. ನಮ್ಮ ಹಾಲ್‌ನಲ್ಲಿ ಎದುರು ಬದುರು ಸಾಲಾಗಿ ಅಷ್ಟು ಎತ್ತರದ ಕಿಟಕಿಗಳು ಯಾಕಿವೆ ಎಂದು ಕೇಳಿದರೆ ನನಗೆ ತೋಚುವ ಉತ್ತರ ಇದೇ.

ಹಳ್ಳಿಯ ಹುಡುಗ ಹೈಸ್ಕೂಲು ಓದಬೇಕು ಅಂದರೆ ಆಗ ದೊಡ್ಡ ಊರಿಗೇ ಬರಬೇಕಿತ್ತು. ಫೀಸಿಗಿಂತ ದೊಡ್ಡ ಕಷ್ಟ ಊಟದ್ದು, ಮಲಗುವ ಜಾಗದ್ದು. ಬ್ರಾಹ್ಮಣರ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದೂ ಸುಖದ ಊಟ ಆಗಿರಲಿಲ್ಲ. ಬೇರೆಯವರಿಗೆ ಅದೂ ಇರಲಿಲ್ಲ. ಸಂಬಂಧಿಕರ ಜಗಲಿ, ಛತ್ರ, ಗುಡಿಯ ಪ್ರಾಂಗಣ, ಎಲ್ಲಿ ಸಿಕ್ಕರೆ ಅಲ್ಲಿ. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು. ಪ್ರಯಾಣಿಕರಿಗೆ ತಂಗುವ ಜಾಗ, ಓದುವ ಮಕ್ಕಳಿಗೆ ಉಚಿತ ಹಾಸ್ಟೆಲ್, ಎರಡನ್ನೂ ಅವರ ಧರ್ಮಸಂಸ್ಥೆ ನಡೆಸಿತು. ಒಕ್ಕಲಿಗರ ಸಂಘ ಶುರುವಾದದ್ದು 1906ರಲ್ಲಿ. ಹಿಂದುಳಿದವರ ಓದು ಮತ್ತು ಉದ್ಯೋಗಕ್ಕಾಗಿ ನಾಲ್ವಡಿಯವರ ಕಾಲದಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಚಂದಾ ಎತ್ತಿ ಹಾಸ್ಟೆಲ್ ಕಟ್ಟಿದ ಕಾಲ ಅದು. ನಮ್ಮದೂ ಹಾಗೇ ಹುಟ್ಟಿದ್ದು. ದುಡ್ಡು ಇದ್ದವರು ದುಡ್ಡು ಕೊಟ್ಟರು, ಇಲ್ಲದವರು ಸುಗ್ಗಿಯಲ್ಲಿ ರಾಗಿ ಮೂಟೆ ಕಳಿಸಿದರು. ನಮ್ಮ ಅಡುಗೆ ಅಜ್ಜನ ಕಾಲಕ್ಕೂ ವರ್ಷಕ್ಕೊಂದು ಸಲ ಗಾಡಿಯಲ್ಲಿ ರಾಗಿ ಬರುತ್ತಿತ್ತಂತೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬಹಳ ವರ್ಷ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಒಂದು ಸಮುದಾಯದ ಹುಡುಗರಿಗೆ ಮಾತ್ರ ಸೀಟು. ಆಗ ಊರಿನ ಹೆಚ್ಚಿನ ಹಾಸ್ಟೆಲ್‌ಗಳು ಹಾಗೇ ಇದ್ದವು. ದಲಿತ ಮಕ್ಕಳಿಗೆ ಸಮಾಜ ಸುಧಾರಕ ಗೋಪಾಲಸ್ವಾಮಿ ಅಯ್ಯರ್ ಅವರಂಥವರು ಬೇರೆ ಹಾಸ್ಟೆಲ್‌ಗಳಿಗಾಗಿ ದುಡಿಯಬೇಕಾಯಿತು. ಕವಿ ಸಿದ್ಧಲಿಂಗಯ್ಯನವರು ಓದುವಾಗ ಇದ್ದದ್ದು ಅಯ್ಯರ್ ಹೆಸರಿನ ಹಾಸ್ಟೆಲ್‌ನಲ್ಲೇ. ನಾನು ಬರುವ ಹೊತ್ತಿಗೆ ನಮ್ಮಲ್ಲಿ ಆ ಕಟ್ಟು ಸಡಿಲವಾಗಿತ್ತು. ಅಂಬೇಡ್ಕರ್ ಫೋಟೋ ಇಟ್ಟಿದ್ದ ನನ್ನ ಗೆಳೆಯನಿಗೂ ನನಗೂ ಒಂದೇ ಪಂಕ್ತಿಯಲ್ಲಿ ಮುದ್ದೆ ಬೀಳುತ್ತಿತ್ತು. ಅವನ ಅಪ್ಪ ನೋಡಲು ಬಂದಾಗ ಮೊದಲ ಸಲ ಹೊಸ್ತಿಲ ಹೊರಗೇ ನಿಂತಿದ್ದರು. ನಾವು ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆವು. ಈ ಕಟ್ಟಡದಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಆದ ಬದಲಾವಣೆ.

ಉಳಿದ ಬದಲಾವಣೆಗಳು ನಿಮಗೂ ಗೊತ್ತಿವೆ. ಮೊದಲು ಹೈಸ್ಕೂಲು ಹುಡುಗರು ಮಾತ್ರ ಇದ್ದರು. ತಾಲ್ಲೂಕುಗಳಲ್ಲೇ ಹೈಸ್ಕೂಲುಗಳು ಆದ ಮೇಲೆ ಆ ಹುಡುಗರು ಕಡಿಮೆಯಾಗಿ ಕಾಲೇಜು ಹುಡುಗರು ಬಂದರು. 1947ರ ಮೈಸೂರು ಚಲೋ ಚಳವಳಿಯಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ನಮ್ಮ ಹುಡುಗರೂ ಹೋಗಿದ್ದರು ಎಂದು ಅಡುಗೆ ಅಜ್ಜ ಹೇಳುತ್ತಿದ್ದರು. ಆಮೇಲೆ ಸರ್ಕಾರಿ ಹಾಸ್ಟೆಲ್‌ಗಳು ಬಂದವು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕವರು ಇಲ್ಲಿಗೆ ಬರಲಿಲ್ಲ. ಹುಡುಗರು ಕಡಿಮೆಯಾದರು, ಖರ್ಚು ಕಡಿಮೆಯಾಗಲಿಲ್ಲ. ಬೀದಿ ಕಡೆಯ ಎರಡು ಕೋಣೆಗಳು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆದವು. ನಾವು ಬೆಳಿಗ್ಗೆ ಏಳುತ್ತಿದ್ದದ್ದು ಗಂಟೆಗೆ ಬದಲು ಅದರ ಟಕಟಕ ಸದ್ದಿಗೆ. ಗಂಟೆ ಅಂದರೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು. ಅದು ಇನ್ನೂ ಅಲ್ಲೇ ಇದೆ, ನೋಡಿದೆ. ಆಮೇಲೆ ಊಟದ ಹಾಲ್ ಮದುವೆಗೆ ಬಾಡಿಗೆಗೆ ಹೋಯಿತು. ಮುಹೂರ್ತದ ದಿನ ನಮಗೂ ಹೋಳಿಗೆ. ಕೆಲವು ಚುನಾವಣೆಗಳಲ್ಲಿ ಮತಗಟ್ಟೆ. ನಾವು ಬಿಟ್ಟ ಮೇಲೆ ಟ್ಯೂಷನ್ ಸೆಂಟರ್, ಕೊನೆಗೆ ಯಾರದೋ ಬಟ್ಟೆ ಗೋದಾಮು. ಇದ್ಯಾವುದಕ್ಕೂ ನಾನು ಬೇಸರ ಮಾಡಿಕೊಂಡವನಲ್ಲ. ಬಾಡಿಗೆ ಬಂದದ್ದಕ್ಕೇ ಹೆಂಚು ಬದಲಾಯಿಸಲು ದುಡ್ಡು ಇತ್ತು. ಬಳಸಿದ್ದಕ್ಕೇ ಕಟ್ಟಡ ಉಳಿಯಿತು. ಬೀಗ ಹಾಕಿದ ಮೇಲೆ ಅದು ಸಾಯಲು ಶುರುವಾಗಿದೆ.

ಈಗ 'ಶಿಥಿಲ' ಎನ್ನುವ ಮಾತಿಗೆ ಬರುತ್ತೇನೆ. ನಾನು ಲೋಕೋಪಯೋಗಿ ಕೆಲಸಗಳಲ್ಲಿ ಸೂಪರ್‌ವೈಸರ್ ಆಗಿ ಜೀವನ ಮಾಡಿದವನು. ಹಳೇ ಕಟ್ಟಡ ಕೆಲವನ್ನು ಕೆಡವಿದ್ದೇನೆ, ಕೆಲವನ್ನು ರಿಪೇರಿ ಮಾಡಿಸಿದ್ದೇನೆ. ಆ ಹತ್ತು ನಿಮಿಷದಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಕೆಳಗಿನ ಅಂತಸ್ತಿನದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಹಡಿಯ ಮೇಲೆ ಮಂಗಳೂರು ಹೆಂಚು. ಗೋಡೆಯದೂ ಸುಣ್ಣದ ಗಾರೆಯೇ. ಈ ಗಾರೆಗೆ ಒಂದು ಗುಣ ಇದೆ. ತೇವ ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಇಂಥ ಗೋಡೆಗೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಚೆಂದ ಕಾಣಲಿ ಎಂದು ಹೊರಗೋಡೆಗೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದೀರಿ. ಈಗ ಎಲ್ಲೆಲ್ಲಿ ಪ್ಲಾಸ್ಟರ್ ಉಬ್ಬಿ ಬೀಳುತ್ತಿದೆಯೋ ಅದೆಲ್ಲ ಆ ಸಿಮೆಂಟೇ. ಹಿಂದಿನ ಕಲ್ಲು ಗಟ್ಟಿಯಾಗಿದೆ.

ಈಶಾನ್ಯ ಮೂಲೆ ಕುಸಿದಿರುವುದು ನಿಜ. ಅಲ್ಲಿ ಏನಿತ್ತು ಹೇಳಿ? ಟ್ಯೂಷನ್ ಸೆಂಟರ್‌ನವರು ಮರದ ತೊಲೆಯ ತಾರಸಿಯ ಮೇಲೆ ಮೂರು ಟಾಯ್ಲೆಟ್ ಕಟ್ಟಿದ್ದರು. ಪೈಪು ಸೋರಿ ಸೋರಿ ಕೆಳಗಿನ ತೊಲೆಗಳ ತುದಿ ಕೊಳೆತಿದೆ, ಗೆದ್ದಲು ಹಿಡಿದಿದೆ. ಹೆಂಚು ನಾಲ್ಕು ಕಡೆ ಒಡೆದಿದೆ. ನೀರು ಹೋಗುವ ದೋಣಿ ಕಸ ತುಂಬಿ ಕಟ್ಟಿಕೊಂಡಿದೆ, ಅದರಲ್ಲಿ ಅರಳಿ ಗಿಡ ಬಂದಿದೆ. ಅಂದರೆ ನೂರು ವರ್ಷದ ಹಿಂದಿನವರು ಕಟ್ಟಿದ್ದು ಶಿಥಿಲ ಆಗಿಲ್ಲ, ನಮ್ಮ ಕಾಲದಲ್ಲಿ ಸೇರಿಸಿದ್ದು ಶಿಥಿಲ ಆಗಿದೆ. ಟಾಯ್ಲೆಟ್ ತೆಗೆಸಬೇಕು. ಕೊಳೆತ ತೊಲೆಗಳ ತುದಿ ಕತ್ತರಿಸಿ ಹೊಸ ತೇಗ ಜೋಡಿಸಬೇಕು. ಸಿಮೆಂಟ್ ಕೆತ್ತಿ ಮತ್ತೆ ಸುಣ್ಣದ ಗಾರೆ ಮಾಡಿಸಬೇಕು. ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಅರೆದು ಗಾರೆ ಮಾಡುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ನಿಮಗೆ ವರದಿ ಕೊಟ್ಟ ಎಂಜಿನಿಯರ್ ಕಾಂಕ್ರೀಟ್ ಕಟ್ಟಡಗಳಲ್ಲಿ ಜಾಣರೇ ಇರಬಹುದು. ಆದರೆ ಸುಣ್ಣ ಮತ್ತು ಮರ ಗೊತ್ತಿರುವ ಇನ್ನೊಬ್ಬರ ಹತ್ತಿರ ಒಂದು ಸಲ ತೋರಿಸಿ. ಮನುಷ್ಯನಿಗೆ ದೊಡ್ಡ ಆಪರೇಷನ್ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇವೆ ಅಲ್ವಾ?

ನಮ್ಮ ಕಟ್ಟಡ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಿಮ್ಮ ಒಂದು ಸಹಿಯೇ ಕೊನೆಯ ಮಾತು ಆಗಿಬಿಡಬಹುದು. ಅಟ್ಟಾರ ಕಚೇರಿಯಂಥ ಅಟ್ಟಾರ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. 1868ರ ಕಟ್ಟಡ. ಹದಿನೆಂಟು ಇಲಾಖೆಗಳ ಕಚೇರಿಗೆಂದು ಕಟ್ಟಿದ್ದು, ಆಮೇಲೆ ಹೈಕೋರ್ಟ್ ಆಯಿತು. ಜನ ಎದ್ದು ನಿಂತದ್ದಕ್ಕೆ ಉಳಿಯಿತು. ಈಗ ಅದಿಲ್ಲದ ಕಬ್ಬನ್ ಪಾರ್ಕನ್ನು ನೆನೆಸಿಕೊಳ್ಳಲು ಆಗುತ್ತದೆಯೇ? ಅದೇ ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್ ಅನ್ನು ನೋಡುವವರೇ ಇರಲಿಲ್ಲ. 2017ರಲ್ಲಿ ಕುಸಿದು ಹೋಯಿತು. ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ನೆಡಿಸಿದ ಮರಗಳ ನೆರಳಲ್ಲಿ ಇಡೀ ಊರು ಓಡಾಡುತ್ತದೆ, ಅವರ ಹೆಸರಿನ ಒಂದು ಹಾಲ್ ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ.

ಕೆಡವಬೇಡಿ ಅಂದ ತಕ್ಷಣ 'ಹಾಗಾದರೆ ಮ್ಯೂಸಿಯಂ ಮಾಡೋಣವೇ' ಎಂದು ನಿಮ್ಮಲ್ಲಿ ಒಬ್ಬರು ಕೇಳಿದರಂತೆ. ಬೇರೆ ಕಟ್ಟಡಗಳಿಗೆ ಅದು ಸರಿಹೋಗಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು 2009ರಲ್ಲಿ ಚಿತ್ರಕಲೆಯ ಗ್ಯಾಲರಿ ಆಯಿತು. ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಆದರೆ ಜೈಲಿಗೆ ಮತ್ತೆ ಜೈಲಾಗಬೇಕಾದ ಅಗತ್ಯ ಇರಲಿಲ್ಲ. ಹಾಸ್ಟೆಲ್‌ನ ಅಗತ್ಯ ಮುಗಿದಿದೆಯೇ? ನಮ್ಮ ಟ್ರಂಕುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಹಳೇ ಕಟ್ಟಡದ ಅಂದಕ್ಕೆ ಮನಸೋತು ಬರುವ ಕಾಫಿ ಅಂಗಡಿಯವರಿಗೂ ಪೂರ್ತಿ ಬಿಟ್ಟುಕೊಡಬೇಡಿ. ನಾನು ಕೇಳುವುದು ಒಂದೇ. ಅದನ್ನು ಮತ್ತೆ ಹಾಸ್ಟೆಲ್ ಮಾಡಿ. ಈ ಸಲ ಹುಡುಗಿಯರಿಗೆ.

ಕಾರಣ ಹೇಳುತ್ತೇನೆ. ನಾನು ಈಗಲೂ ತಿಂಗಳಿಗೆ ಎರಡು ಸಲ ಊರಿಗೆ ಬಸ್ಸಿನಲ್ಲೇ ಹೋಗುತ್ತೇನೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಓದುವ ಹುಡುಗಿಯರು ಬಸ್ಸಿನಲ್ಲಿ ಬಹಳ ಕಾಣುತ್ತಾರೆ. ನಮ್ಮ ಪಕ್ಕದ ಊರಿನ ಒಬ್ಬಳು ನರ್ಸಿಂಗ್ ಓದುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಆರರ ಬಸ್ಸು ಹಿಡಿದು, ಸಂಜೆ ಮನೆ ಸೇರುವಾಗ ಎಂಟೂವರೆ. 'ಟಿಕೆಟ್ ಫ್ರೀ ಮಾವ, ಪಿಜಿ ಫ್ರೀ ಇಲ್ವಲ್ಲ' ಅಂದಳು. ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸ್ ಓದುತ್ತಾಳೆ. ನಮ್ಮ ಹಾಸ್ಟೆಲ್‌ನಿಂದ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಮೂರೂ ಆಸ್ಪತ್ರೆಗಳಿಗೆ ನಡೆದುಕೊಂಡೇ ಹೋಗಬಹುದು. ಕೆ.ಆರ್. ಮಾರುಕಟ್ಟೆ ಮೆಟ್ರೋ ನಿಲ್ದಾಣ 2017ರಿಂದ ಇದೆ. ನಮಗೆ ಇಂಥ ಅನುಕೂಲ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಕಟ್ಟಡ ಯಾರು ಯಾರಿಗೋ ಜಾಗ ಕೊಟ್ಟಿದೆ. ಮದುವೆಯ ಹಿಂದಿನ ರಾತ್ರಿ ಬಂದ ನೆಂಟರನ್ನು ಬಿಟ್ಟರೆ ಹೆಣ್ಣುಮಕ್ಕಳು ಇಲ್ಲಿ ಮಲಗಿಲ್ಲ. ಓದುವುದಕ್ಕೆಂದು ಒಬ್ಬಳೂ ಬಂದಿಲ್ಲ. ಆ ಗೂಡುಗಳಲ್ಲಿ ಒಂದನ್ನು ತೋರಿಸಿ ಆ ಹುಡುಗಿಗೆ 'ಇದು ನಿನ್ನದು' ಎಂದು ಹೇಳುವವರು ಬೇಕು.

ನಿಮ್ಮ ಕಷ್ಟ ನನಗೆ ಅರ್ಥವಾಗದೇ ಇಲ್ಲ. ವಾರ್ಡನ್ ಸಂಬಳ, ಅಡುಗೆಯವರು, ಸೆಕ್ಯುರಿಟಿ, ನೀರಿನ ಬಿಲ್ಲು. ಈ ಕಾಲದ ಮಕ್ಕಳು ಸಾಲು ಹಾಲ್‌ನಲ್ಲಿ ಮಲಗುವುದಿಲ್ಲ ಎನ್ನುವುದೂ ನಿಜ. ಮರದ ಅಡ್ಡಗೋಡೆ ಹಾಕಿ ಹಾಲ್ ಅನ್ನು ಭಾಗ ಮಾಡಬಹುದು, ಕಿಟಕಿಗಳು ಸಾಲಾಗಿ ಇರುವುದರಿಂದ ಪ್ರತಿ ಭಾಗಕ್ಕೂ ಬೆಳಕು ಬರುತ್ತದೆ. ಟಾಯ್ಲೆಟ್‌ಗಳನ್ನು ಹಿಂದಿನ ಬಚ್ಚಲುಮನೆಯ ಜಾಗದಲ್ಲಿ ಬೇರೆಯಾಗಿ ಕಟ್ಟಬಹುದು, ಹಳೇ ತಾರಸಿಗೆ ಒಂದು ತೊಟ್ಟು ನೀರು ತಾಗದ ಹಾಗೆ. ಬೀದಿ ಕಡೆಯ ಕೋಣೆಗಳು ಮೊದಲಿನಂತೆ ಅಂಗಡಿಗಳಾಗಲಿ, ಆ ಬಾಡಿಗೆ ಹಾಸ್ಟೆಲ್‌ಗೆ ಬರಲಿ. ಊಟದ ಹಾಲ್ ಹಗಲು ಹೊತ್ತು ವಾಚನಾಲಯ ಆಗಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಈ ಸುತ್ತಿನಲ್ಲಿ ಕೂರಲು ಜಾಗ ಹುಡುಕುತ್ತಿದ್ದಾರೆ. ಕಾಂಪ್ಲೆಕ್ಸ್‌ನಿಂದ ಬರುವಷ್ಟು ದುಡ್ಡು ಇದರಿಂದ ಬರುವುದಿಲ್ಲ. ಆದರೆ ಬಡ ಮಕ್ಕಳ ಓದಿಗೆಂದು ಜನ ಕೊಟ್ಟ ಜಾಗ ಅದು. ರಾಗಿ ಮೂಟೆ ಕಳಿಸಿದವರು ಚದರ ಅಡಿ ಬಾಡಿಗೆ ಲೆಕ್ಕ ಹಾಕಿ ಕಳಿಸಿರಲಿಲ್ಲ.

ನಾವು ಹಳೇ ಹುಡುಗರು ಬರೀ ಮಾತಾಡುತ್ತಿಲ್ಲ. ಈಗ ಹನ್ನೊಂದು ಜನ ಸೇರಿದ್ದೇವೆ. ಒಬ್ಬ ಆರ್ಕಿಟೆಕ್ಟ್, ಒಬ್ಬ ವಕೀಲ, ಇಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಕಟ್ಟಡದ ಅಳತೆ, ನಕ್ಷೆ, ರಿಪೇರಿಯ ಅಂದಾಜು ಪಟ್ಟಿ ನಾವೇ ಮಾಡಿಕೊಡುತ್ತೇವೆ. ಅದಕ್ಕೆ ಒಂದು ರೂಪಾಯಿಯೂ ಬೇಡ. ಬೀಗದ ಕೈ ಎರಡು ಭಾನುವಾರ ಕೊಡಿ ಸಾಕು.

ಇನ್ನೊಂದು ತುರ್ತಿನ ಮಾತಿದೆ. ನೀವು ಏನು ತೀರ್ಮಾನ ಮಾಡುತ್ತೀರೋ ಅದಕ್ಕೆ ಸಮಯ ಹಿಡಿಯುತ್ತದೆ, ಮಳೆ ಕಾಯುವುದಿಲ್ಲ. ಏಪ್ರಿಲ್ ಕೊನೆಗೆ ಆಲಿಕಲ್ಲು ಮಳೆ ಬಂದರೆ ಈಶಾನ್ಯ ಮೂಲೆಯ ಉಳಿದ ತೊಲೆಗಳೂ ಹೋಗುತ್ತವೆ. ಅಷ್ಟರೊಳಗೆ ಒಡೆದ ಹೆಂಚು ತೆಗೆದು ಹೊಸದು ಹೊದಿಸಬೇಕು, ದೋಣಿಯ ಕಸ ತೆಗೆಯಬೇಕು, ಅರಳಿ ಗಿಡವನ್ನು ಬೇರು ಸಮೇತ ಕೀಳಬೇಕು. ಮೂರು ದಿನದ ಕೆಲಸ. ಹೆಂಚು ನಾವು ತರುತ್ತೇವೆ. ಮೇಸ್ತ್ರಿಗೆ ಹೇಳಿ ಇಟ್ಟಿದ್ದೇನೆ. ನೀವು ಹೂಂ ಅಂದ ಮರುದಿನ ಬೆಳಿಗ್ಗೆ ಏಳಕ್ಕೆ ಏಣಿ ತೆಗೆದುಕೊಂಡು ಗೇಟಿನ ಹತ್ತಿರ ಇರುತ್ತೇವೆ.

ನಿಮ್ಮ ವಿಶ್ವಾಸಿ,
ಮಹಡಿ ಹಾಲ್‌ನ ಹಳೇ ಹುಡುಗ, 1987ರಿಂದ 1992